ಅಲಬಾಮಾ ಎಂಥ ರಾಜ್ಯ? ಬಾಣಂತನಕ್ಕೆ ಹೊರಟ ಅಮ್ಮನ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಗದಗ ಕಡೆಯವಳು, ನಿವೃತ್ತ ಶಾಲಾ ಶಿಕ್ಷಕಿ. ಅಳಿಯನಿಗೆ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿದೆ. ಮಗಳಿಗೆ ಫೆಬ್ರವರಿ ಕೊನೆಗೆ ಹೆರಿಗೆ. ಬಾಣಂತನಕ್ಕೆ ನಾನು ಆರು ತಿಂಗಳು ಅಲ್ಲಿರಬೇಕು. ನ್ಯೂಜೆರ್ಸಿಯಲ್ಲಿರುವ ನೆಂಟರಿಗೆ ಹೇಳಿದರೆ "ಅಯ್ಯೋ, ಅಲಬಾಮಾನಾ?" ಅಂದರು. ಆಮೇಲೆ ಮಾತೇ ಬದಲಿಸಿದರು. ಅದು ಎಂಥ ರಾಜ್ಯ? ಜನ ಹೇಗೆ? ಹೆದರಬೇಕಾ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಅಕ್ಕಾ, ಆ "ಅಯ್ಯೋ" ನನಗೂ ಗೊತ್ತು. ನಾನು ಧಾರವಾಡದಲ್ಲಿ ಮಣ್ಣು ವಿಜ್ಞಾನ ಓದಿ, ಅಲಬಾಮಾದ ಆಬರ್ನ್ ಎಂಬ ಊರಿಗೆ ಹೊರಟಾಗ ನನಗೂ ಇದೇ ಸ್ವಾಗತ ಸಿಕ್ಕಿತ್ತು. ಹಾಗೆ ಅಂದವರು ಯಾರೂ ಆ ರಾಜ್ಯಕ್ಕೆ ಕಾಲಿಟ್ಟಿರಲಿಲ್ಲ. ನಾನು ಒಂಬತ್ತು ವರ್ಷ ಇದ್ದೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಉಳಿದ ಅರ್ಧ ಅವರಿಗೆ ಗೊತ್ತೇ ಇರಲಿಲ್ಲ.

ಮೊದಲು ಒಂದು ಧೈರ್ಯದ ಮಾತು. ಅಲಬಾಮಾದವರೊಬ್ಬರು ನಿಮಗೆ ಆಗಲೇ ಗೊತ್ತು. ಎಷ್ಟು ಸಲ ಮಕ್ಕಳಿಗೆ ಪಾಠ ಮಾಡಿದ್ದೀರೋ ಏನೋ. ಹೆಲೆನ್ ಕೆಲರ್. ಅವರು ಹುಟ್ಟಿದ್ದು 1880ರಲ್ಲಿ, ಇದೇ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ಕಣ್ಣು ಕಾಣದ, ಕಿವಿ ಕೇಳದ ಆ ಹುಡುಗಿಯ ಒಂದು ಕೈ ಮೇಲೆ ನೀರು ಸುರಿಯುತ್ತಿತ್ತು. ಇನ್ನೊಂದು ಅಂಗೈ ಮೇಲೆ ಟೀಚರ್ ಆನ್ ಸಲಿವನ್ "ನೀರು" ಎಂದು ಬೆರಳಿನಿಂದ ಬರೆದರು. 1887ರ ಏಪ್ರಿಲ್ ತಿಂಗಳು ಅದು. ಆ ಕೈಪಂಪು ಈಗಲೂ ಮನೆಯ ಹಿತ್ತಲಲ್ಲಿದೆ. ಹಂಟ್ಸ್‌ವಿಲ್‌ನಿಂದ ಪಡುವಣಕ್ಕೆ ಕಾರಿನಲ್ಲಿ ಒಂದೂವರೆ ತಾಸಿನ ಹಾದಿ. ಮಗಳು ಚೇತರಿಸಿಕೊಂಡ ಮೇಲೆ ಒಂದು ಶನಿವಾರ ಹೋಗಿ ಬನ್ನಿ. ಶಿಕ್ಷಕಿಯಾಗಿದ್ದವರಿಗೆ ಆ ಪಂಪಿನ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ. ನನಗೇ ಕಟ್ಟಿತ್ತು.

ಈಗ ನಕ್ಷೆ. ಅಲಬಾಮಾ ಅಮೆರಿಕದ ಆಗ್ನೇಯ ಮೂಲೆಯ ರಾಜ್ಯ. ಪೂರ್ವಕ್ಕೆ ಜಾರ್ಜಿಯಾ, ಪಶ್ಚಿಮಕ್ಕೆ ಮಿಸಿಸಿಪ್ಪಿ, ಉತ್ತರಕ್ಕೆ ಟೆನೆಸ್ಸೀ. ದಕ್ಷಿಣದಲ್ಲಿ ಫ್ಲಾರಿಡಾ ಅಡ್ಡ ಬಂದು ಒಂದು ಸಣ್ಣ ಕಿಟಕಿಯಷ್ಟು ಕಡಲು ಬಿಟ್ಟಿದೆ. ವಿಸ್ತೀರ್ಣ ಸುಮಾರು 1,35,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಜನ ಮಾತ್ರ 2020ರ ಗಣತಿಯಲ್ಲಿ ಬರೀ 50 ಲಕ್ಷ. ಬೆಂಗಳೂರಿನ ಅರ್ಧವೂ ಅಲ್ಲ. ಹೋದ ಮೊದಲ ವಾರ ನಿಮಗೆ ಕಾಡುವುದು ಹೆದರಿಕೆಯಲ್ಲ, "ಜನ ಎಲ್ಲಿ ಹೋದರು?" ಅನ್ನೋ ಪ್ರಶ್ನೆ.

ಪುಸ್ತಕದವರು ಈ ರಾಜ್ಯವನ್ನು ಯುದ್ಧ, ಗವರ್ನರ್, ಕಾನೂನು ಎಂದು ಪರಿಚಯ ಮಾಡಿಸುತ್ತಾರೆ. ನಾನು ಮಣ್ಣಿನವನು. ಮಣ್ಣಿನಿಂದಲೇ ಹೇಳುತ್ತೇನೆ. ಬಾಯಿಚಪಲಕ್ಕೆ ಹೀಗೆ ಹೇಳುತ್ತಿಲ್ಲ. ಅಲಬಾಮಾದಲ್ಲಿ ಯಾರು ಎಲ್ಲಿ ಇದ್ದಾರೆ, ಯಾಕಿದ್ದಾರೆ, ಯಾರಿಗೆ ವೋಟು ಹಾಕುತ್ತಾರೆ ಅನ್ನುವುದೆಲ್ಲ ಕಾಲ ಕೆಳಗಿನ ಮಣ್ಣನ್ನು ನೋಡಿದರೆ ತಿಳಿಯುತ್ತದೆ.

ನಿಮ್ಮೂರಿನ ಎರಿ ಹೊಲ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ, ಕಾಲಿಗೆ ಮೆತ್ತಿ, ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅಲಬಾಮಾದ ನಡುಹೊಟ್ಟೆಯಲ್ಲಿ, ಮಾಂಟ್‌ಗಾಮರಿ ಮತ್ತು ಸೆಲ್ಮಾ ಊರುಗಳ ಅಕ್ಕಪಕ್ಕ, ಇಂಥದ್ದೇ ಮಣ್ಣಿನ ಒಂದು ಪಟ್ಟಿ ಅಡ್ಡಡ್ಡ ಹಾಯುತ್ತದೆ. ಅದರ ಹೆಸರೇ ಬ್ಲ್ಯಾಕ್ ಬೆಲ್ಟ್, ಕಪ್ಪು ಪಟ್ಟಿ. ಮೊದಲ ಸಲ ಅಲ್ಲಿ ಸಲಿಕೆ ಹಾಕಿದಾಗ ನನಗೆ ನವಲಗುಂದದ ಹೊಲದಲ್ಲಿ ನಿಂತ ಹಾಗಾಯಿತು. ಆದರೆ ಹುಟ್ಟು ಬೇರೆ. ನಮ್ಮ ಎರಿ ಹೆಚ್ಚಾಗಿ ದಖ್ಖನ್ನಿನ ಕಪ್ಪು ಬಂಡೆ ಸವೆದು ಆದದ್ದು. ಅಲ್ಲಿಯದು ಸಮುದ್ರದ ಕೂಸು. ಡೈನೋಸಾರ್‌ಗಳ ಕಾಲದಲ್ಲಿ, ಏಳೆಂಟು ಕೋಟಿ ವರ್ಷದ ಹಿಂದೆ, ಕಡಲು ಅಲ್ಲಿಯವರೆಗೂ ಬಂದಿತ್ತು. ಆ ನೀರಿನಲ್ಲಿ ತೇಲುತ್ತಿದ್ದ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ತಳಕ್ಕೆ ಬಿದ್ದು ಬಿದ್ದು ಸೀಮೆಸುಣ್ಣದ ಕಲ್ಲಾಯಿತು. ನೀವು ಬೋರ್ಡ್ ಮೇಲೆ ಬರೆಯುತ್ತಿದ್ದ ಚಾಕ್‌ಪೀಸಿನ ಹಳೆಯ ಜಾತಿ. ಅದರ ಮೇಲೆ ಕೂತ ಮಣ್ಣೇ ಈ ಕಪ್ಪು ಮಣ್ಣು.

ಕಪ್ಪು ಮಣ್ಣು ಇದ್ದಲ್ಲಿ ಏನು ಬೆಳೆಯುತ್ತಾರೆ ಅಂತ ಗದಗಿನವರಿಗೆ ನಾನು ಹೇಳಬೇಕಾ? ಹತ್ತಿ. ಅಲ್ಲಿನ ಕಥೆ ಶುರುವಾಗುವುದೂ ಹತ್ತಿಯಿಂದಲೇ.

ಆ ನೆಲ ಮೊದಲು ಕ್ರೀಕ್, ಚೋಕ್ಟಾ, ಚಿಕಸಾ, ಚೆರೊಕೀ ಎಂಬ ಮೂಲನಿವಾಸಿಗಳದ್ದು. ಅಲಬಾಮಾ ಎಂಬ ಹೆಸರೂ ಅವರಲ್ಲೇ ಒಂದು ಬುಡಕಟ್ಟಿನದು. 1814ರಲ್ಲಿ ಆಂಡ್ರ್ಯೂ ಜಾಕ್ಸನ್ ಎಂಬ ಸೇನಾಧಿಕಾರಿ ಕ್ರೀಕರನ್ನು ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಸೋಲಿಸಿದ. ಅದೇ ವರ್ಷ ಒಂದು ಒಪ್ಪಂದಕ್ಕೆ ರುಜು ಹಾಕಿಸಿ 2 ಕೋಟಿ ಎಕರೆಗೂ ಜಾಸ್ತಿ ನೆಲ ಕಿತ್ತುಕೊಂಡರು. 1819ಕ್ಕೆ ಅಲಬಾಮಾ ಅಮೆರಿಕದ 22ನೇ ರಾಜ್ಯವಾಯಿತು. ಆಮೇಲೆ ಹತ್ತಿಯ ಜ್ವರ. ಹಳೆಯ ರಾಜ್ಯಗಳಿಂದ ಬಿಳಿಯ ಜಮೀನ್ದಾರರು ಗುಲಾಮರನ್ನು ಸರಪಳಿ ಕಟ್ಟಿ ನಡೆಸಿಕೊಂಡು ಬಂದರು. 1860ರ ಜನಗಣತಿಯ ಹೊತ್ತಿಗೆ ರಾಜ್ಯದ 9,64,000 ಜನರಲ್ಲಿ 4,35,000 ಮಂದಿ ಗುಲಾಮರು. ಹೊರದೇಶದಿಂದ ಗುಲಾಮರನ್ನು ತರುವುದು 1808ರಿಂದಲೇ ಕಾನೂನುಬಾಹಿರ. ಆದರೂ 1860ರಲ್ಲಿ ಕ್ಲೊಟಿಲ್ಡಾ ಎಂಬ ಹಡಗು ಸುಮಾರು 110 ಜನ ಆಫ್ರಿಕನ್ನರನ್ನು ರಾತ್ರೋರಾತ್ರಿ ಮೊಬೀಲ್ ಕೊಲ್ಲಿಗೆ ತಂದಿಳಿಸಿತು. ಸಾಕ್ಷಿ ಉಳಿಯಬಾರದೆಂದು ಹಡಗಿಗೆ ಬೆಂಕಿ ಹಚ್ಚಿ ಮುಳುಗಿಸಿದರು. ಅದರ ಅವಶೇಷ ಕೆಸರಿನಲ್ಲಿ ಸಿಕ್ಕಿ, ಇದೇ ಹಡಗು ಅಂತ ಖಾತ್ರಿಯಾದದ್ದು 2019ರಲ್ಲಿ. ಬಂದಿಳಿದವರಲ್ಲಿ ಹಲವರು ಬಿಡುಗಡೆಯಾದ ಮೇಲೆ ಕಟ್ಟಿಕೊಂಡ ಊರು ಆಫ್ರಿಕಾಟೌನ್ ಈಗಲೂ ಇದೆ. ಅವರ ವಂಶದವರು ಅಲ್ಲಿದ್ದಾರೆ.

ಈ ಹತ್ತಿಗೂ ನಿಮಗೂ ಒಂದು ನಂಟಿದೆ. ಸುಮ್ನೆ ಹೇಳುತ್ತಿಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿ ಧಾರವಾಡದ ಎರಿಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿದರು. ಅದೇ ನಮ್ಮಲ್ಲಿ ಬೇರು ಬಿಟ್ಟು "ಧಾರವಾಡ ಅಮೆರಿಕನ್" ಅಂತ ಹೆಸರಾಯಿತು. ಜಯಧರ ಹತ್ತಿ ನಮ್ಮ ನಾಡತಳಿಯ ಕಡೆಯದು. ಇದು ಆಚೆಯ ಕಡೆಯದು. ಗುಲಾಮಗಿರಿಯ ಮೇಲೆ 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣಗಳು ಹೊಡೆದಾಡಿಕೊಂಡು ಅಲ್ಲಿನ ಹತ್ತಿ ಬಂದರಿನಲ್ಲೇ ಕೊಳೆತಾಗ, ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಆ ನಾಲ್ಕೈದು ವರ್ಷ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ. ದಕ್ಷಿಣದ ರಾಜ್ಯಗಳು ಒಡೆದುಕೊಂಡು ಕಟ್ಟಿದ ಹೊಸ ದೇಶಕ್ಕೆ ಮೊದಲ ರಾಜಧಾನಿ ಯಾವುದು ಗೊತ್ತಾ? ಕಪ್ಪು ಮಣ್ಣಿನ ಮಾಂಟ್‌ಗಾಮರಿ.

ಯುದ್ಧ ಸೋತರು. ಗುಲಾಮಗಿರಿ ಹೋಯಿತು. ಗುಲಾಮರಾಗಿದ್ದವರು ಅದೇ ಹೊಲದಲ್ಲಿ ಪಾಲಿಗೆ ಮಾಡುವ ಬಡವರಾಗಿ ಉಳಿದರು. 1901ರಲ್ಲಿ ರಾಜ್ಯ ಹೊಸ ಸಂವಿಧಾನ ಬರೆಯಿತು. ಅದರ ಉದ್ದೇಶವನ್ನು ಯಾರೂ ಮುಚ್ಚಿಡಲಿಲ್ಲ. ತಲೆಗಂದಾಯ ಕಟ್ಟಬೇಕು, ಓದುಬರಹದ ಪರೀಕ್ಷೆ ಪಾಸಾಗಬೇಕು ಎಂದೆಲ್ಲ ಷರತ್ತು ಹಾಕಿ ಕರಿಯರ ವೋಟು ಕಸಿದುಕೊಳ್ಳುವುದು. ಬಸ್ಸು, ಶಾಲೆ, ಹೋಟೆಲ್, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬೇರೆ ಬೇರೆ. ಕೆರೆ ಬೇರೆ, ಬಾವಿ ಬೇರೆ ಮಾಡಿದ ನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಮುಂದಿನದ್ದು ಜಗತ್ತಿಗೇ ಗೊತ್ತಿರುವ ಕಥೆ. ಆದರೂ ಎಲ್ಲಿ ನಡೆಯಿತು ಎಂಬುದನ್ನು ನೋಡಿ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಕೆಲಸದ ಹೆಣ್ಣುಮಗಳು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಅದು ಮಾಂಟ್‌ಗಾಮರಿಯಲ್ಲಿ. ಅದಕ್ಕೂ ಒಂಬತ್ತು ತಿಂಗಳು ಮೊದಲು 15 ವರ್ಷದ ಹುಡುಗಿ ಕ್ಲಾಡೆಟ್ ಕಾಲ್ವಿನ್ ಅದೇ ಊರಿನಲ್ಲಿ ಅದನ್ನೇ ಮಾಡಿ ಜೈಲಿಗೆ ಹೋಗಿದ್ದಳು. ಅವಳ ಹೆಸರು ಯಾಕೋ ಪಾಠಪುಸ್ತಕಕ್ಕೆ ಬರಲಿಲ್ಲ. ಊರಿನ ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದು ಕೆಲಸಕ್ಕೆ ಹೋದರು. ಮುಂದಾಳು ಅದೇ ಊರಿನ ಚರ್ಚಿನ 26ರ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್. ಕೊನೆಗೆ ಕೋರ್ಟು ಅವರ ಪರ ನಿಂತಿತು. ಕಿಂಗ್ ದಂಪತಿ 1959ರಲ್ಲಿ ಗಾಂಧಿಯ ನಾಡು ನೋಡಲೆಂದು ಇಂಡಿಯಾಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ಹೆಡ್‌ಮಾಸ್ತರರು ಅವರನ್ನು "ಅಮೆರಿಕದ ಅಸ್ಪೃಶ್ಯ ಬಂಧು" ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದರೆ ಅದು ನಿಜ ಅನ್ನಿಸಿತು ಎಂದು ಕಿಂಗ್ ಅವರೇ ಮುಂದೆ ಹೇಳಿಕೊಂಡಿದ್ದಾರೆ.

1965ರ ಮಾರ್ಚ್ 7ರಂದು ವೋಟಿನ ಹಕ್ಕಿಗಾಗಿ ಸೆಲ್ಮಾದಿಂದ ಹೊರಟ ಮೆರವಣಿಗೆಯನ್ನು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಪೊಲೀಸರು ಲಾಠಿ, ಅಶ್ರುವಾಯುವಿನಿಂದ ಹೊಡೆದು ಚೆಲ್ಲಾಪಿಲ್ಲಿ ಮಾಡಿದರು. ಎರಡು ವಾರದ ನಂತರ ಮತ್ತೆ ಹೊರಟು ಮಾಂಟ್‌ಗಾಮರಿವರೆಗೆ 87 ಕಿಲೋಮೀಟರ್ ನಡೆದರು. ಆಗಸ್ಟ್‌ನಲ್ಲಿ ವೋಟಿನ ಹಕ್ಕಿನ ಕಾನೂನು ಬಂತು. ಆ 87 ಕಿಲೋಮೀಟರನ್ನು ನಾನು ಮಣ್ಣಿನ ನಕ್ಷೆ ಹಿಡಿದು ಕಾರಿನಲ್ಲಿ ಹೋಗಿದ್ದೇನೆ. ಆ ದಾರಿ ಕಪ್ಪು ಪಟ್ಟಿಯ ಉದ್ದಕ್ಕೇ ಸಾಗುತ್ತದೆ. ಅದು ಕಾಕತಾಳೀಯ ಅಲ್ಲ. ಮಣ್ಣಿದ್ದಲ್ಲಿ ಹತ್ತಿ, ಹತ್ತಿ ಇದ್ದಲ್ಲಿ ಗುಲಾಮರು, ಗುಲಾಮರ ಮೊಮ್ಮಕ್ಕಳಿದ್ದಲ್ಲಿ ಹೋರಾಟ. ಇವತ್ತಿಗೂ ಚುನಾವಣೆ ಆದ ಮರುದಿನ ಪೇಪರಿನಲ್ಲಿ ಬರುವ ನಕ್ಷೆ ನೋಡಿ. ಇಡೀ ಅಲಬಾಮಾ ರಿಪಬ್ಲಿಕನ್ನರ ಕೆಂಪು. ನಡುವೆ ಡೆಮಾಕ್ರಾಟರ ಒಂದು ನೀಲಿ ಪಟ್ಟಿ. ಅದು ಹೆಚ್ಚುಕಡಿಮೆ ಆ ಹಳೆಯ ಕಡಲ ದಂಡೆಯೇ.

ಅಲ್ಲೇ ಲೌಂಡ್ಸ್ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಲೆಕ್ಕ. ಅಲಬಾಮಾದಲ್ಲಿ ಇಂಥವು 67. ಲೌಂಡ್ಸ್‌ನ ಜೇಡಿಗೆ ನೀರು ಇಂಗುವುದಿಲ್ಲ. ಎರಿ ಹೊಲದಲ್ಲಿ ಶೌಚದ ಗುಂಡಿ ತೋಡಿದರೆ ಏನಾಗುತ್ತದೆ ಹೇಳಿ? ಮಳೆಗಾಲದಲ್ಲಿ ಎಲ್ಲ ಮೇಲೆ ಬರುತ್ತದೆ. ಅಲ್ಲಿನ ಬಡವರ ಮನೆಗಳಲ್ಲಿ ಆಗುವುದೂ ಅದೇ. ಊರಿನ ಒಳಚರಂಡಿ ಅವರವರೆಗೆ ಬಂದಿಲ್ಲ. ಆ ಮಣ್ಣಿಗೆ ಒಗ್ಗುವ ವ್ಯವಸ್ಥೆಗೆ ಬೇಕಾದ ದುಡ್ಡು ಅವರ ಹತ್ತಿರ ಇಲ್ಲ. ಕೊಳಚೆ ಅಂಗಳದಲ್ಲೇ ನಿಲ್ಲುತ್ತದೆ. 2017ರಲ್ಲಿ ಅಲ್ಲಿ ಕೊಕ್ಕೆಹುಳುವಿನ ಸೋಂಕು ಪತ್ತೆಯಾದ ಸುದ್ದಿ ಬಂದಾಗ ಅಮೆರಿಕನ್ನರೇ ಬೆಚ್ಚಿಬಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಡತನದ ಬಗ್ಗೆ ವಿಶ್ವಸಂಸ್ಥೆಯ ವರದಿಗಾರರೂ ಬಂದು ನೋಡಿ ಹೋದರು. ಅಮೆರಿಕ ಅಂದರೆ ಬರೀ ಗಾಜಿನ ಕಟ್ಟಡ ಅಂದುಕೊಂಡವರಿಗೆ ನಾನು ಈ ಊರನ್ನು ತೋರಿಸುತ್ತಿದ್ದೆ.

ಹತ್ತಿಯ ಕಥೆಗೆ ಒಂದು ನಗು ತರಿಸುವ ತುಣುಕೂ ಇದೆ. ಮೆಕ್ಸಿಕೋ ಕಡೆಯಿಂದ ಬಂದ ಒಂದು ಮೂತಿಹುಳು 1910ರ ದಶಕದಲ್ಲಿ ಅಲಬಾಮಾದ ಹತ್ತಿಕಾಯಿಗಳನ್ನೆಲ್ಲ ತಿಂದು ಹಾಕಿತು. ಎಂಟರ್‌ಪ್ರೈಸ್ ಎಂಬ ಊರಿನ ರೈತರು ಗತಿಯಿಲ್ಲದೆ ಶೇಂಗಾ ಬಿತ್ತಿದರು. ಶೇಂಗಾ ಕೈ ಹಿಡಿಯಿತು. ಊರು ಹತ್ತಿಗಿಂತ ಜಾಸ್ತಿ ದುಡ್ಡು ಕಂಡಿತು. 1919ರಲ್ಲಿ ಊರವರು ಚೌಕದಲ್ಲಿ ಮೂತಿಹುಳುವಿಗೆ ಒಂದು ಸ್ಮಾರಕ ನಿಲ್ಲಿಸಿದರು! ಬಿಳಿ ಸೀರೆ ಉಟ್ಟಂತೆ ಕಾಣುವ ಹೆಂಗಸು, ಎತ್ತಿದ ಎರಡು ಕೈ. 30 ವರ್ಷ ಆ ಕೈಯಲ್ಲಿ ಬರೀ ಕಾರಂಜಿ ಇತ್ತು. 1949ರಲ್ಲಿ ಯಾರಿಗೋ ಹೊಳೆದು ಅದರ ಮೇಲೆ ಒಂದು ದೊಡ್ಡ ಹುಳುವನ್ನೂ ಕೂರಿಸಿದರು. ಬೆಳೆ ತಿಂದ ಹುಳುವಿಗೆ ಹಾರ ಹಾಕಿದ ಊರನ್ನು ನಾನು ಬೇರೆಲ್ಲೂ ನೋಡಿಲ್ಲ. ಆಬರ್ನ್‌ನಲ್ಲಿ 1896ರಿಂದ ಇವತ್ತಿನವರೆಗೆ ನಿಲ್ಲದೆ ನಡೆದಿರುವ ಹತ್ತಿಯ ಪ್ರಯೋಗದ ಹೊಲವೊಂದಿದೆ. ಒಂದು ಎಕರೆ, 13 ತಾಕು. ಬರೀ ಹತ್ತಿ ಬೆಳೆದ ತಾಕಿನ ಮಣ್ಣು ಒಂದು ಕೈಯಲ್ಲಿ, ದ್ವಿದಳ ಧಾನ್ಯದ ಜೊತೆ ತಿರುಗಿಸಿ ಬೆಳೆದದ್ದು ಇನ್ನೊಂದು ಕೈಯಲ್ಲಿ ಹಿಡಿದರೆ ಕಣ್ಣು ಮುಚ್ಚಿ ವ್ಯತ್ಯಾಸ ಹೇಳಬಹುದು. ಒಂದು ಇಟ್ಟಿಗೆಯ ಪುಡಿ, ಇನ್ನೊಂದು ಹಿಟ್ಟಿನ ಹಾಗೆ ಮೆತ್ತಗೆ. ಸರಿ, ನನ್ನ ಕಸುಬಿನ ಹುಚ್ಚು ಬಿಡಿ.

ಉತ್ತರಕ್ಕೆ ಬಂದರೆ ಮಣ್ಣು ಕೆಂಪು. ಬರ್ಮಿಂಗ್‌ಹ್ಯಾಮ್ ಪಟ್ಟಣದ ಸುತ್ತ ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಒಂದೇ ಕಡೆ ಸಿಗುತ್ತವೆ. ಕಬ್ಬಿಣ ಕರಗಿಸಲು ಇನ್ನೇನು ಬೇಕು? 1871ರಲ್ಲಿ ಹುಟ್ಟಿದ ಊರು ಕೆಲವೇ ವರ್ಷಗಳಲ್ಲಿ ಬೆಳೆದ ರೀತಿ ನೋಡಿ ಮಾಯಾನಗರಿ ಅಂತ ಹೆಸರಿಟ್ಟರು. ಗಣಿಗೆ ಇಳಿಸಿದ್ದು ಯಾರನ್ನು? ಕೂಲಿಯವರ ಜೊತೆಗೆ ಜೈಲಿನಿಂದ ಬಾಡಿಗೆಗೆ ಪಡೆದ ಕರಿಯ ಕೈದಿಗಳನ್ನೂ. ಈ ಪದ್ಧತಿ 1928ರವರೆಗೂ ನಡೆಯಿತು. 1963ರ ಸೆಪ್ಟೆಂಬರ್‌ನಲ್ಲಿ ಭಾನುವಾರದ ಪಾಠಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಚರ್ಚಿನಲ್ಲಿ ಬಾಂಬಿಗೆ ಬಲಿಯಾದದ್ದೂ ಇದೇ ಊರಿನಲ್ಲಿ. ಹಳೆಯ ಕುಲುಮೆ ಈಗ ಮ್ಯೂಸಿಯಂ.

ಈಗ ನಿಮ್ಮ ಹಂಟ್ಸ್‌ವಿಲ್. ಅದು ಅಲಬಾಮಾದ ಒಳಗಿದ್ದೂ ಅಲಬಾಮಾದಂತಿಲ್ಲದ ಊರು. 1950ರಲ್ಲಿ ಅಲ್ಲಿದ್ದವರು 16,000 ಜನ. ಹತ್ತಿ ಗಿರಣಿ, ಜೊತೆಗೆ ವಾಟರ್‌ಕ್ರೆಸ್ ಎಂಬ ನೀರಿನಲ್ಲಿ ಬೆಳೆಯುವ ಸೊಪ್ಪಿನ ವ್ಯಾಪಾರ. ಅದೇ ವರ್ಷ ಅಮೆರಿಕದ ಸೈನ್ಯ ವೆರ್ನರ್ ಫಾನ್ ಬ್ರೌನ್ ಮತ್ತು ಅವರ ನೂರಕ್ಕೂ ಹೆಚ್ಚು ಜರ್ಮನ್ ಸಂಗಡಿಗರನ್ನು ಅಲ್ಲಿಗೆ ತಂದಿತು. ಅವರು ಹಿಟ್ಲರನಿಗಾಗಿ ವಿ-2 ರಾಕೆಟ್ ಮಾಡಿಕೊಟ್ಟವರು. ಆ ರಾಕೆಟ್ ಕಟ್ಟುವಾಗ ಕೈದಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತಿದ್ದರು. 1955ರಲ್ಲಿ ಫಾನ್ ಬ್ರೌನ್ ಮತ್ತು ಅವರ ಸಂಗಡಿಗರಲ್ಲಿ ಹಲವರು ಅಮೆರಿಕದ ಪ್ರಜೆಗಳಾದರು. ಅದೇ ವರ್ಷ, ಅದೇ ರಾಜ್ಯದಲ್ಲಿ, ರೋಸಾ ಪಾರ್ಕ್ಸ್ ಬಸ್ಸಿನ ಸೀಟಿಗಾಗಿ ಪೊಲೀಸ್ ಠಾಣೆಗೆ ಹೋದರು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಅವರು ಮಾಡಿದ ಕೆಲಸ ದೊಡ್ಡದು. ಚಂದ್ರನ ಮೇಲೆ ಮನುಷ್ಯನನ್ನು ಒಯ್ದ ಸ್ಯಾಟರ್ನ್ 5 ರಾಕೆಟ್ ರೂಪುಗೊಂಡದ್ದು ಅಲ್ಲಿನ ನಾಸಾ ಕೇಂದ್ರದಲ್ಲಿ, ಅದರ ಹೆಸರು ಮಾರ್ಷಲ್. ರಾಕೆಟ್ ಮ್ಯೂಸಿಯಂನಲ್ಲಿ ಒಂದು ಅಸಲಿ ಸ್ಯಾಟರ್ನ್ 5 ಅಡ್ಡ ಮಲಗಿಸಿದ್ದಾರೆ. ಉದ್ದ 110 ಮೀಟರ್. ತಲೆಯಿಂದ ಬುಡದವರೆಗೆ ನಡೆದರೆ ಮೊಮ್ಮಗು ಮಡಿಲಲ್ಲಿ ನಿದ್ದೆ ಹೋಗುತ್ತದೆ. ಆ ಊರಿನ ತುಂಬ ಇಂಜಿನಿಯರುಗಳು. ಇತ್ತೀಚೆಗೆ ಬರ್ಮಿಂಗ್‌ಹ್ಯಾಮನ್ನೂ ಹಿಂದೆ ಹಾಕಿ ರಾಜ್ಯದ ದೊಡ್ಡ ಊರಾಗಿದೆ. ಇಂಡಿಯಾ ಅಂಗಡಿ, ದೇವಸ್ಥಾನ ಎಲ್ಲ ಇವೆ. ಕರೆಂಟು ಬರುವುದು ಟೆನೆಸ್ಸೀ ನದಿ ಕಣಿವೆಯ ಪ್ರಾಧಿಕಾರದ (ಟಿವಿಎ) ಯೋಜನೆಯಿಂದ. 1933ರ ಯೋಜನೆ ಅದು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದದ್ದು ಅದೇ.

ಹಂಟ್ಸ್‌ವಿಲ್‌ನಿಂದ ಸ್ವಲ್ಪ ಹೊರಗೆ ಹೋದರೆ ಈಗಲೂ ಕೆಂಪು ನೆಲದಲ್ಲಿ ಹತ್ತಿ ಕಾಣುತ್ತದೆ. ಜುಲೈಯಲ್ಲಿ ಹೂವು. ಮೊದಲ ದಿನ ಬಿಳಿ, ಮರುದಿನ ಗುಲಾಬಿ. ಅದನ್ನು ನೋಡಿ ನಿಮಗೆ ಮನೆಯ ನೆನಪಾಗದಿದ್ದರೆ ಕೇಳಿ.

ಜನ ಹೇಗೆ ಅಂತ ಕೇಳಿದ್ದೀರಿ. ಮಾತಾಡಿಸುವ ಜನ. ನ್ಯೂಜೆರ್ಸಿಯಲ್ಲಿ ಲಿಫ್ಟಿನಲ್ಲಿ ಎದುರು ಬಂದವರು ಗೋಡೆ ನೋಡುತ್ತಾರೆ. ಅಲಬಾಮಾದಲ್ಲಿ ಅಂಗಡಿಯ ಸಾಲಿನಲ್ಲಿ ನಿಂತ ಅಜ್ಜಿ ನಿಮ್ಮ ಸೀರೆಯ ಬಣ್ಣ, ಮಗಳ ಹೆರಿಗೆ, ಮೊಮ್ಮಗುವಿನ ಹೆಸರು ಎಲ್ಲ ಕೇಳಿಯೇ ಬಿಡುವುದು. "ನೀವೆಲ್ಲ" ಅನ್ನುವುದಕ್ಕೆ "ಯಾಲ್" ಅಂತಾರೆ. ಮಾತು ನಿಧಾನ. ಇಂಗ್ಲಿಷ್ ಗೊತ್ತಿದ್ದೂ ಮೊದಲ ತಿಂಗಳು ನನಗೆ ಅರ್ಧ ತಿಳಿಯಲಿಲ್ಲ. "ಬ್ಲೆಸ್ ಯುವರ್ ಹಾರ್ಟ್" ಅಂದರೆ ಆಶೀರ್ವಾದ ಅಂತ ಖುಷಿಪಟ್ಟಿದ್ದೆ. ಕೆಲವು ಸಲ ಅದು ಆಶೀರ್ವಾದವೇ. ಕೆಲವು ಸಲ ನಮ್ಮ "ಪಾಪ, ಅವನಿಗೆ ಅಷ್ಟೇ ಬುದ್ಧಿ" ಅನ್ನೋ ಅರ್ಥ. ಎರಡನೇ ಭೇಟಿಗೇ "ಯಾವ ಚರ್ಚಿಗೆ ಹೋಗುತ್ತೀರಿ?" ಅಂತ ಕೇಳುತ್ತಾರೆ. ನಮ್ಮಲ್ಲಿ "ಯಾವ ಊರು, ಯಾರ ಪೈಕಿ" ಅಂದ ಹಾಗೆ. ದೇವಸ್ಥಾನಕ್ಕೆ ಹೋಗುತ್ತೇವೆ ಅಂದರೆ ಮುಗಿಯಿತು.

ಊಟದಲ್ಲಿ ನಿಮಗೆ ನೆಂಟರು ಸಿಗುತ್ತಾರೆ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚು, ಥೇಟ್ ನಮ್ಮ ಜೋಳದ ನುಚ್ಚಿನ ಹಾಗೆ. ಬೆಂಡೆಕಾಯಿ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಆ ಬೆಂಡೆ ಗುಲಾಮರ ಜೊತೆ ಆಫ್ರಿಕಾದಿಂದ ಬಂದದ್ದು. ಹೊಸ ವರ್ಷದ ದಿನ ಅಲಸಂದೆ ಕಾಳು ತಿಂದರೆ ಅದೃಷ್ಟ ಅಂತ ನಂಬಿಕೆ. ರಸ್ತೆ ಬದಿಯಲ್ಲಿ ಹಂಡೆಯಲ್ಲಿ ಕುದಿಸಿದ ಹಸಿ ಶೇಂಗಾ ಮಾರುತ್ತಾರೆ, ಉಪ್ಪು ಹಾಕಿ. ಎಚ್ಚರಿಕೆ ಒಂದೇ. ಸೊಪ್ಪು, ಕಾಳು ಅಂತ ನಂಬಿ ಹೋಟೆಲಿನಲ್ಲಿ ತಿನ್ನಬೇಡಿ. ಹಂದಿಮಾಂಸದ ತುಂಡು ಹಾಕದೆ ಅವರು ಸೊಪ್ಪು ಬೇಯಿಸುವುದೇ ಅಪರೂಪ. ಕೇಳಿ ತಿನ್ನಿ.

ಫುಟ್‌ಬಾಲ್ ಬಗ್ಗೆ ಒಂದು ಮಾತು. ಕಾಲಿನಲ್ಲಿ ಒದೆಯುವ ನಮ್ಮದಲ್ಲ, ಕೈಯಲ್ಲಿ ಹಿಡಿದು ಓಡುವ ಅಮೆರಿಕದ್ದು. ರಾಜ್ಯ ಎರಡು ಪಾಲು: ಅಲಬಾಮಾ ವಿಶ್ವವಿದ್ಯಾಲಯದವರು, ಆಬರ್ನ್‌ನವರು. ಅತ್ತೆ ಸೊಸೆ ಬೇರೆ ಬೇರೆ ಪಕ್ಷವಾದರೆ ನವೆಂಬರ್‌ನ ಆ ಪಂದ್ಯದ ದಿನ ಮನೆಯಲ್ಲಿ ಮಾತಿಲ್ಲ. 2010ರ ಪಂದ್ಯ ಸೋತ ಸಿಟ್ಟಿಗೆ ಆಚೆ ಕಡೆಯ ಒಬ್ಬ ಅಭಿಮಾನಿ ಆಬರ್ನ್‌ನ ಎರಡು ಹಳೆಯ ಓಕ್ ಮರದ ಬುಡಕ್ಕೆ ಕಳೆನಾಶಕ ಸುರಿದ. ಊರವರು ಗೆದ್ದಾಗಲೆಲ್ಲ ಬಿಳಿ ಕಾಗದ ಎಸೆದು ಕುಣಿಯುತ್ತಿದ್ದ ಮರಗಳು ಅವು. ಮಣ್ಣಿನ ಪರೀಕ್ಷೆಯ ಫಲಿತಾಂಶ ಬಂದ ದಿನ ಊರಿಗೆ ಊರೇ ಸೂತಕದಲ್ಲಿತ್ತು. ಮರಗಳು ಉಳಿಯಲಿಲ್ಲ. ಯಾವ ಪಕ್ಷ ಅಂತ ಯಾರಾದರೂ ಕೇಳಿದರೆ ನಕ್ಕು ಸುಮ್ಮನಿರಿ.

ಹೆದರಬೇಕಾ ಅಂತ ಕೇಳಿದಿರಿ. ಎರಡು ವಿಷಯಕ್ಕೆ ಎಚ್ಚರ ಬೇಕು.

ಒಂದು ಸುಂಟರಗಾಳಿ. ನೀವಿರುವ ಮಾರ್ಚ್, ಏಪ್ರಿಲ್, ಮೇ ಅದರ ಕಾಲ. 2011ರ ಏಪ್ರಿಲ್ 27ರಂದು ಒಂದೇ ದಿನ ಅಲಬಾಮಾದಲ್ಲಿ 62 ಸುಂಟರಗಾಳಿ ಎದ್ದವು. ಹೆಚ್ಚುಕಡಿಮೆ 250 ಜನ ಸತ್ತರು. ಹಂಟ್ಸ್‌ವಿಲ್‌ನಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಎರಡು ಪದ ನೆನಪಿಡಿ. "ವಾಚ್" ಅಂದರೆ ಬರಬಹುದು, ಗಮನವಿಡಿ. "ವಾರ್ನಿಂಗ್" ಅಂದರೆ ಬಂತು, ಏಳಿ. ಸೈರನ್ ಕೂಗುತ್ತದೆ, ಫೋನು ಕಿರುಚುತ್ತದೆ. ಕೆಳಗಿನ ಅಂತಸ್ತಿನಲ್ಲಿ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ ಕೂರಬೇಕು. ಹೆಚ್ಚಿನ ಮನೆಗಳಲ್ಲಿ ಅದು ಬಚ್ಚಲು ಅಥವಾ ಬಟ್ಟೆಯ ಕೋಣೆ. ಹೋದ ದಿನವೇ ಮಗಳನ್ನು ಕೇಳಿ, ಯಾವ ಕೋಣೆ ಅಂತ. ಅಲ್ಲಿ ಒಂದು ಟಾರ್ಚು, ಚಪ್ಪಲಿ, ಮಗುವಿನ ಹಾಲಿನ ಸಾಮಾನು ಇಟ್ಟುಬಿಡಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ನಾನು ಒಂಬತ್ತು ವರ್ಷದಲ್ಲಿ ಬಚ್ಚಲಲ್ಲಿ ಕೂತು ಓದಿ ಮುಗಿಸಿದ ಪುಸ್ತಕಗಳೇ ನಾಲ್ಕೈದು.

ಇನ್ನೊಂದು ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳುವುದೇ ಒಳ್ಳೆಯದು. 2015ರ ಫೆಬ್ರವರಿಯಲ್ಲಿ, ಹಂಟ್ಸ್‌ವಿಲ್‌ಗೆ ತಾಗಿಕೊಂಡಿರುವ ಮ್ಯಾಡಿಸನ್‌ನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಹಿರಿಯರೊಬ್ಬರು ಬೆಳಿಗ್ಗೆ ವಾಕಿಂಗ್ ಹೋಗಿದ್ದರು. ಯಾರೋ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬಾರದು. ಪೊಲೀಸನೊಬ್ಬ ಅವರನ್ನು ನೆಲಕ್ಕೆ ಕೆಡವಿದ. ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. ಗವರ್ನರ್ ಭಾರತದ ಕಾನ್ಸುಲೇಟಿಗೆ ಕ್ಷಮೆ ಕೇಳಿ ಪತ್ರ ಬರೆದರು. ಪೊಲೀಸನಿಗೆ ಕೋರ್ಟಿನಲ್ಲಿ ಶಿಕ್ಷೆ ಆಗಲಿಲ್ಲ. ಇದು ದಿನಾ ನಡೆಯುವ ಸಂಗತಿ ಖಂಡಿತ ಅಲ್ಲ. ಆದರೆ ಅಲ್ಲಿನ ಬಡಾವಣೆಗಳಲ್ಲಿ ಯಾರೂ ನಡೆಯುವುದಿಲ್ಲ. ನಡೆಯುವವರೇ ವಿಚಿತ್ರವಾಗಿ ಕಾಣುತ್ತಾರೆ. ಮೊದಲ ವಾರವೇ ಮಗಳ ಜೊತೆ ಅಕ್ಕಪಕ್ಕದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಿ. ಮನೆ ವಿಳಾಸ, ಮಗಳ ಫೋನ್ ನಂಬರ್ ಬರೆದ ಚೀಟಿ ಜೊತೆಗಿರಲಿ. ಪೊಲೀಸರು ನಿಲ್ಲಿಸಿದರೆ ಕೈ ಕಾಣುವಂತೆ ಇಟ್ಟು ನಿಂತುಬಿಡಿ, ಪರ್ಸಿಗೆ ಕೈ ಹಾಕಬೇಡಿ. ನೀವು ಇಂಗ್ಲಿಷ್ ಬಲ್ಲವರು, ಅರ್ಧ ಗೆದ್ದ ಹಾಗೆ.

ನೀವು ಯೋಗ ಮಾಡುವವರಾದರೆ ಒಂದು ತಮಾಷೆ ಕೇಳಿ. 1993ರಿಂದ 2021ರವರೆಗೆ ಅಲಬಾಮಾದ ಸರ್ಕಾರಿ ಶಾಲೆಗಳಲ್ಲಿ ಯೋಗಕ್ಕೆ ನಿಷೇಧವಿತ್ತು. ಮಕ್ಕಳು ಹಿಂದೂಗಳಾಗಿಬಿಟ್ಟಾರು ಎಂಬ ಭಯ. ಈಗ ಮಾಡಬಹುದು, ಆದರೆ ಆಸನಗಳಿಗೆ ಇಂಗ್ಲಿಷ್ ಹೆಸರೇ ಬೇಕು. "ನಮಸ್ತೆ" ಅನ್ನುವಂತಿಲ್ಲ. ಮನೆಯ ವರಾಂಡದಲ್ಲಿ ನೀವು ಪದ್ಮಾಸನ ಹಾಕಿದರೆ ಯಾರೂ ಕೇಳುವುದಿಲ್ಲ ಬಿಡಿ. ಪಕ್ಕದ ಮನೆಯವಳೇ ಕಲಿಯಲು ಬರುತ್ತಾಳೆ.

ಫೆಬ್ರವರಿಯಲ್ಲಿ ಬೆಳಗಿನ ಚಳಿ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ, ಸ್ವೆಟರ್ ಬೇಕು. ಜೂನ್ ಬಂದರೆ ಮಂಗಳೂರಿನ ಸೆಕೆ. ಪ್ರವಾಸಿ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ. ನೀವು ಇಳಿಯುವ ಹೊತ್ತಿಗೆ ಇಲ್ಲಿ ರಾತ್ರಿ 9.30 ಆದರೆ ಅಲ್ಲಿ ಬೆಳಿಗ್ಗೆ 10. ಮಾರ್ಚ್ ಮಧ್ಯದಲ್ಲಿ ಅವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ, ಆಗ 11 ಆಗುತ್ತದೆ. ದಾರಿಯಲ್ಲಿ ಸೂಟ್‌ಕೇಸ್ ಕಳೆದು ಹೋದರೆ ಬೇಜಾರಾಗಬೇಡಿ. ವಿಮಾನ ಕಂಪನಿಗಳು ವಾರಸುದಾರರು ಸಿಗದ ಸಾಮಾನನ್ನು ಮಾರುವ ದೊಡ್ಡ ಅಂಗಡಿ ಇರುವುದು ಹಂಟ್ಸ್‌ವಿಲ್ ಹತ್ತಿರದ ಸ್ಕಾಟ್ಸ್‌ಬರೊದಲ್ಲಿ. ನಿಮ್ಮ ಇಳಕಲ್ ಸೀರೆ ಅಲ್ಲೇ ನೇತುಹಾಕಿರಬಹುದು.

ಕೊನೆಗೆ ನನ್ನ ಕಸುಬಿನ ಒಂದು ಮಾತು. ಊರಿನ ತುಳಸಿ ಗಿಡವನ್ನು ಮಣ್ಣಿನ ಸಮೇತ ಕಟ್ಟಿಕೊಂಡು ಹೋಗಬೇಡಿ. ಹೊರಗಿನ ಮಣ್ಣನ್ನು ಅಮೆರಿಕದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ. ಹೊಲಕ್ಕೆ ಹಾಕಿದ ಚಪ್ಪಲಿ ಇದ್ದರೆ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ತುಳಸಿ ಸಸಿಯನ್ನು ಅಲ್ಲಿನ ದೇವಸ್ಥಾನದಲ್ಲಿ ಕೇಳಿದರೆ ಯಾರಾದರೂ ಕೊಡುತ್ತಾರೆ. ಹಂಟ್ಸ್‌ವಿಲ್‌ನ ಕೆಂಪು ಮಣ್ಣು ಸ್ವಲ್ಪ ಹುಳಿ. ಒಂದು ಹಿಡಿ ಸುಣ್ಣ, ಎರಡು ಹಿಡಿ ಕಾಂಪೋಸ್ಟ್ ಬೆರೆಸಿ ಕುಂಡದಲ್ಲೇ ನೆಡಿ. ಅಕ್ಟೋಬರ್ ಕೊನೆಗೆ ಕುಂಡವನ್ನು ಒಳಗೆ ತಂದಿಡಲು ಮಗಳಿಗೆ ಹೇಳಿ ಬನ್ನಿ, ಮೊದಲ ಇಬ್ಬನಿಗಡ್ಡೆಗೇ ಅದು ಕಪ್ಪಗಾಗಿಬಿಡುತ್ತದೆ.